ಕೊಳೆತ ಹಣ್ಣಿಂದ ಇಂಧನ: ಸ್ಪಿರಿಟ್ಟಾ, ಗ್ಯಾಸಾ, ಎಣ್ಣೆನಾ?

ಮಾವಿನ ಕಾಲ ಶುರುವಾಯಿತೆಂದರೆ ನನಗೆ ಒಂದೇ ಪ್ರಶ್ನೆ ನಾಲ್ಕೂ ಕಡೆಯಿಂದ ಬರುತ್ತದೆ. ಪಲ್ಪ್ ಮೆಷಿನ್, ಜ್ಯೂಸ್ ಮೆಷಿನ್ ರಿಪೇರಿ ನನ್ನ ಕಸುಬು. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಅಂತ ವಾರಪೂರ್ತಿ ಇದೇ ದಾರಿಯಲ್ಲಿ ಓಡಾಟ. ಯಾವ ಘಟಕಕ್ಕೆ ಹೋದರೂ ಹಿಂದುಗಡೆ ಒಂದು ಗುಡ್ಡೆ ಇದ್ದೇ ಇರುತ್ತದೆ: ಸಿಪ್ಪೆ, ವಾಟೆ, ಅರ್ಧ ಕೊಳೆತ ಹಣ್ಣು, ಅದರ ಮೇಲೆ ನೊಣದ ಜಾತ್ರೆ. ಮೆಷಿನ್ ಬಿಚ್ಚಿಕೊಂಡು ಕೂತಾಗ ಮಾಲೀಕರು ಪಕ್ಕ ಬಂದು ನಿಂತು ಕೇಳುತ್ತಾರೆ, "ಇದರಿಂದ ಪೆಟ್ರೋಲ್ ತೆಗೀಬಹುದಂತಲ್ಲ, ನಾವೂ ಮಾಡೋಣ್ವಾ?"

ಮಾಡಬಹುದು. ಆದರೆ ಯಾರು ಮಾಡಬಹುದು, ಎಷ್ಟು ಇದ್ದರೆ ಮಾಡಬಹುದು, ಮಾಡಿದರೆ ಏನು ಗಿಟ್ಟುತ್ತದೆ ಅನ್ನುವುದು ಬೇರೆ ಮಾತು. ಪ್ರತಿ ಸಲ ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡು ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮನೆಯವರು, ತೋಟದವರು, ಅಂಗಡಿಯವರು, ಘಟಕದವರು ತಮ್ಮ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಲಿ.

ಮೊದಲು ನೀರಿನ ಲೆಕ್ಕ

ಹಣ್ಣಿನ ಕಸ ಅಂದರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. 100 ಕೆಜಿ ಕಸ ತೂಗಿದರೆ ಅದರಲ್ಲಿ 80ರಿಂದ 90 ಕೆಜಿ ನೀರೇ. ಕಲ್ಲಂಗಡಿಯಾದರೆ ಇನ್ನೂ ಜಾಸ್ತಿ. ಉಳಿದ 10-20 ಕೆಜಿಯಲ್ಲೇ ಸಕ್ಕರೆ, ಪಿಷ್ಟ, ನಾರು, ಪೆಕ್ಟಿನ್ (ಜಾಮ್ ಗಟ್ಟಿಯಾಗಿಸುವ ಅಂಟು) ಎಲ್ಲಾ ಬರಬೇಕು. ಉರಿಯುವ ಶಕ್ತಿ ಇರುವುದು ಆ ಚೂರಿನಲ್ಲಿ ಮಾತ್ರ. ಟೆಂಪೋ ತುಂಬಿ ಬಂದ ಕಸ ನೋಡಿ ಆಸೆ ಪಡುತ್ತೇವೆ, ಅಸಲಿಗೆ ನಾವು ನೋಡುತ್ತಿರುವುದು ಒಂದು ನೀರಿನ ಟ್ಯಾಂಕರ್.

ಹಾಗಾಗಿ ಯಾವ ವಿಧಾನದ ಬಗ್ಗೆ ಯಾರು ಬಂದು ಹೇಳಿದರೂ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ನೀರನ್ನು ಏನು ಮಾಡ್ತೀರಾ? ಸ್ಪಿರಿಟ್ ಮಾಡುವವರು ನೀರಿನಿಂದ ಸ್ಪಿರಿಟ್ಟನ್ನು ಕಾಯಿಸಿ ಬೇರೆ ಮಾಡಬೇಕು. ಸುಟ್ಟು ಎಣ್ಣೆ ತೆಗೆಯುವವರು ನೀರನ್ನು ಮೊದಲೇ ಓಡಿಸಬೇಕು. ಗ್ಯಾಸ್ ಮಾಡುವವರು ನೀರನ್ನು ಇದ್ದಲ್ಲೇ ಬಿಡುತ್ತಾರೆ, ಗ್ಯಾಸ್ ತಾನಾಗಿ ಮೇಲೆ ಬರುತ್ತದೆ. ನನ್ನ ಅಭಿಪ್ರಾಯ ಯಾವ ಕಡೆ ವಾಲುತ್ತದೆ ಅಂತ ಇಷ್ಟರಲ್ಲೇ ಗೊತ್ತಾಗಿರಬೇಕು, ಆದರೂ ಒಂದೊಂದಾಗಿ ನೋಡೋಣ.

ಸ್ಪಿರಿಟ್, ಅಂದರೆ ಎಥನಾಲ್

ಇದು ನಮ್ಮ ಕಡೆಯವರಿಗೆ ಹೊಸದಲ್ಲ. ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ ಆಗುತ್ತದೆ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು, ವಾಸನೆಯೇ ಹೇಳುತ್ತದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕೆಲಸ ದೇಶದಲ್ಲಿ ಶುರುವಾದದ್ದು 2003ರಲ್ಲಿ. 100ಕ್ಕೆ 20 ಪಾಲು ಬೆರೆಸಬೇಕೆಂಬ ಗುರಿ ಮೊದಲು 2030ಕ್ಕೆ ಇತ್ತು, ಆಮೇಲೆ 2025-26ಕ್ಕೆ ಎಳೆದರು. ಈಗ ಬಂಕಿನಲ್ಲಿ ನಾವು ಹಾಕಿಸುವುದು ಅದೇ. ಅಂದರೆ ಕೊಳ್ಳುವವರಿದ್ದಾರೆ, ಮಾರುಕಟ್ಟೆ ಇದೆ. ಹಣ್ಣಿನ ಕಸದಿಂದ ಬರಬಹುದಾದ ದ್ರವ ಇಂಧನಗಳಲ್ಲಿ ಇವತ್ತು ನಿಜಕ್ಕೂ ಗಾಡಿಯೊಳಗೆ ಹೋಗುತ್ತಿರುವ ಜಾತಿ ಇದೊಂದೇ.

ಕೆಲಸದ ರೀತಿಯೂ ಸರಳ. ಹಣ್ಣನ್ನು ಅರೆದು, ಯೀಸ್ಟ್ ಹಾಕಿ, 30 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಎರಡು ಮೂರು ದಿನ ಬಿಟ್ಟರೆ ಯೀಸ್ಟ್ ಸಕ್ಕರೆ ತಿಂದು ಅರ್ಧ ಸ್ಪಿರಿಟ್, ಅರ್ಧ ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಒಂದು ಕೆಜಿ ಸಕ್ಕರೆಗೆ ಪುಸ್ತಕದ ಲೆಕ್ಕದಲ್ಲಿ 511 ಗ್ರಾಂ, ಅಂದರೆ ಸುಮಾರು 0.65 ಲೀಟರ್. ಕೈಗೆ ಬರುವುದು 0.55 ಲೀಟರ್ ಅಂತ ಇಟ್ಟುಕೊಳ್ಳಿ.

ಈಗ ನಿಮ್ಮ ಗುಡ್ಡೆಯಲ್ಲಿ ಸಕ್ಕರೆ ಎಷ್ಟಿದೆ? ತಿರುಳಿನ ಲೆಕ್ಕದಲ್ಲಿ ಕಲ್ಲಂಗಡಿಗೆ 100ಕ್ಕೆ 6, ಪಪ್ಪಾಯಿಗೆ 8, ಅನಾನಸ್‌ಗೆ 10, ಬಾಳೆಹಣ್ಣಿಗೆ 12, ಮಾವಿಗೆ 14, ದ್ರಾಕ್ಷಿಗೆ 15-16. ಆದರೆ ತಿರುಳನ್ನು ನೀವು ಆಗಲೇ ಮಾರಿದ್ದೀರಿ! ಕಸದಲ್ಲಿ ಇರುವುದು ಸಿಪ್ಪೆ, ಅದಕ್ಕೆ ಅಂಟಿದ ಒಂಚೂರು ತಿರುಳು, ಮತ್ತೆ ಮಾರಾಟವಾಗದೆ ಉಳಿದ ಹಣ್ಣು. ಎಲ್ಲಾ ಸೇರಿ 8 ಬಂದರೆ ಒಳ್ಳೆಯ ಕಸ ಅನ್ನಬೇಕು. ಒಂದು ಟನ್‌ಗೆ 80 ಕೆಜಿ ಸಕ್ಕರೆ, ಅಂದರೆ 45 ಲೀಟರ್ ಹತ್ತಿರ ಸ್ಪಿರಿಟ್.

ಕಬ್ಬಿನ ಜೊತೆ ಹೋಲಿಸಿ ನೋಡಿ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಬರುತ್ತದೆ. ಕಡೆಯಲ್ಲಿ ಉಳಿಯುವ ಗಟ್ಟಿ ಕಾಕಂಬಿ ಒಂದು ಟನ್‌ಗೆ ಸುಮಾರು 225 ಲೀಟರ್. ಅಂದರೆ ಡಿಸ್ಟಿಲರಿಯವರಿಗೆ ಒಂದು ಟನ್ ಕಾಕಂಬಿಯೂ ನಿಮ್ಮ ಐದು ಟನ್ ಕೊಳೆಯೂ ಒಂದೇ. ಕಾಕಂಬಿ ಪೈಪಲ್ಲಿ ಬರುತ್ತದೆ, ತಿಂಗಳುಗಟ್ಟಲೆ ಟ್ಯಾಂಕಲ್ಲಿ ಕೆಡದೆ ಕೂತಿರುತ್ತದೆ. ನಿಮ್ಮದು ಸೋರುವ ಟೆಂಪೋದಲ್ಲಿ ಬರುತ್ತದೆ, ನಾಳೆಯೊಳಗೆ ಹುಳಿಯಾಗಿ ವಿನಿಗರ್ ದಾರಿ ಹಿಡಿದಿರುತ್ತದೆ. ಅವರು ಯಾಕೆ ನಿಮ್ಮದನ್ನು ತೆಗೆದುಕೊಳ್ಳಬೇಕು, ನೀವೇ ಹೇಳಿ.

ದುಡ್ಡಿನ ಲೆಕ್ಕವನ್ನೂ ಮಾಡಿಬಿಡೋಣ. 2024-25ರಲ್ಲಿ ಗಟ್ಟಿ ಕಾಕಂಬಿಯ ಎಥನಾಲ್‌ಗೆ ಸರ್ಕಾರ ಗೊತ್ತು ಮಾಡಿದ ದರ ಲೀಟರಿಗೆ 57 ರೂಪಾಯಿ 97 ಪೈಸೆ. ಅಳತೆಗೋಲಾಗಿ ಅದನ್ನೇ ಹಿಡಿದರೆ ನಿಮ್ಮ ಒಂದು ಟನ್ ಕಸದಿಂದ 2,600 ರೂಪಾಯಿ. ಅಷ್ಟರಲ್ಲೇ ಆರಿಸುವ ಕೂಲಿ, ಸಾಗಾಣಿಕೆ, ಅರೆಯುವ ಕರೆಂಟು, ಯೀಸ್ಟು, ಹಬೆ, ಸಾಲದ ಬಡ್ಡಿ ಎಲ್ಲಾ. ಕಸ ಪುಕ್ಕಟೆ ಸಿಕ್ಕಿದರೂ ಕಷ್ಟವೇ.

ಕಾಯಿಸುವ ಖರ್ಚು ಯಾರೂ ಹೇಳುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ವಿಡಿಯೋ ನೋಡಿ ಡ್ರಮ್ಮು, ತಾಮ್ರದ ಪೈಪು ತರಲು ಹೊರಡುವವರು ಎಡವುವುದು ಇಲ್ಲೇ.

100 ಕೆಜಿ ಹಣ್ಣಿನ ಕಸ ಹುದುಗು ಬಂದ ಮೇಲೆ ಸುಮಾರು 90 ಲೀಟರ್ ನೀರಲ್ಲಿ ಐದು ಲೀಟರ್‌ಗಿಂತ ಕಡಿಮೆ ಸ್ಪಿರಿಟ್ ಬೆರೆತಿರುತ್ತದೆ. ಪೂರ್ತಿ ಐದು ಲೀಟರ್ ಅಂತಲೇ ಉದಾರವಾಗಿ ಇಟ್ಟುಕೊಳ್ಳೋಣ. ಲೀಟರಿಗೆ 21 ಮೆಗಾಜೂಲ್‌ನಂತೆ ಆ ಐದು ಲೀಟರಿನ ಶಕ್ತಿ 105 ಮೆಗಾಜೂಲ್ (ಮೆಗಾಜೂಲ್ ಅಂದರೆ ಶಕ್ತಿಯ ಅಳತೆ). ಈಗ 90 ಲೀಟರ್ ನೀರನ್ನು 28 ಡಿಗ್ರಿಯಿಂದ 95 ಡಿಗ್ರಿಗೆ ತರಬೇಕು. ಅದಕ್ಕೇ 25 ಮೆಗಾಜೂಲ್ ಬೇಕು. ಸಾಧಾರಣ ಸೌದೆ ಒಲೆಯ ಶಾಖದಲ್ಲಿ ಪಾತ್ರೆಗೆ ಹೋಗುವುದು ನಾಲ್ಕನೇ ಒಂದು ಪಾಲು, ಹಾಗಾಗಿ 100 ಮೆಗಾಜೂಲಿನ ಸೌದೆ ಉರಿಸಬೇಕು, ಅಂದರೆ ಆರು ಕೆಜಿಗೂ ಜಾಸ್ತಿ. ಇನ್ನೂ ಆವಿ ಬಂದೇ ಇಲ್ಲ, ಬರೀ ಬಿಸಿಯಾಗಿದೆ ಅಷ್ಟೇ! ಬರುವ ಇಂಧನದಷ್ಟೇ ಇಂಧನ ಆಗಲೇ ಒಲೆಗೆ ಹೋಯಿತು.

ಆಲೆಮನೆ ಇರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊಪ್ಪರಿಗೆ ಕುದಿಸಲು ಅವರು ಕಬ್ಬಿನ ಸಿಪ್ಪೆಯನ್ನೇ ಉರಿಸುತ್ತಾರೆ, ಕಬ್ಬು ತನ್ನ ಸೌದೆಯನ್ನು ತಾನೇ ಹೊತ್ತು ತರುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ನಡೆಯುವುದೂ ಹೀಗೇ. ಪಪ್ಪಾಯಿ ಸಿಪ್ಪೆ ಒಲೆಗೆ ಹಾಕಿ ನೋಡಿ, ಇರುವ ಬೆಂಕಿಯೂ ಆರುತ್ತದೆ.

ದೊಡ್ಡ ಡಿಸ್ಟಿಲರಿಯಲ್ಲಿ ಶಾಖವನ್ನು ಮತ್ತೆ ಮತ್ತೆ ಬಳಸುವ ಎತ್ತರದ ಕಾಲಂಗಳಿರುತ್ತವೆ, ಅಲ್ಲಿ ಲೆಕ್ಕ ಕೂಡುತ್ತದೆ. ಹಿತ್ತಲಲ್ಲಿ ಕೂಡುವುದಿಲ್ಲ. ಅದೂ ಅಲ್ಲದೆ, ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ 100ಕ್ಕೆ 95.6 ಆದಮೇಲೆ ಸ್ಪಿರಿಟ್ ಮುಂದೆ ಹೋಗುವುದಿಲ್ಲ. ನೀರೂ ಸ್ಪಿರಿಟ್ಟೂ ಒಟ್ಟಿಗೆ ಕುದಿಯಲು ಶುರು ಮಾಡುತ್ತವೆ. ಪೆಟ್ರೋಲಿಗೆ ಬೆರೆಸಲು 99.5ಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ಕೆಳಗೆ ಕೂರುತ್ತದೆ. ಆ ಕೊನೆಯ ನೀರು ಹೀರಲು ಜಿಯೋಲೈಟ್ ಮಣಿಗಳ ಜರಡಿ ಬೇಕು. ನಿಮ್ಮ ಸ್ಪ್ಲೆಂಡರಿಗೆ ಮನೆಯ ಸ್ಪಿರಿಟ್ ಹಾಕುವ ಆಸೆ ಇದ್ದರೆ ಇಲ್ಲಿಗೇ ಬಿಡಿ.

ಇನ್ನು ಕಾನೂನು. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧ, "ಕುಡಿಯೋಕಲ್ಲ ಸಾರ್, ಗಾಡಿಗೆ" ಅಂದರೂ ಕಳ್ಳಬಟ್ಟಿ ಕಳ್ಳಬಟ್ಟಿಯೇ. ಕೈಗಾರಿಕೆಯ ಸ್ಪಿರಿಟ್ಟಿನ ಮೇಲೂ ರಾಜ್ಯಗಳಿಗೆ ಅಧಿಕಾರ ಇದೆ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದೆ. ಕಾನೂನು ಬದಿಗಿಟ್ಟರೂ ಇನ್ನೊಂದು ಭಯ ಇದೆ. ಹಣ್ಣಿನ ಸಿಪ್ಪೆಯಲ್ಲಿ ಪೆಕ್ಟಿನ್ ಜಾಸ್ತಿ, ಅದು ಒಡೆದಾಗ ಮೆಥನಾಲ್ ಅನ್ನುವ ವಿಷದ ಸ್ಪಿರಿಟ್ ಹುಟ್ಟುತ್ತದೆ. ಇಂಜಿನ್ನಿಗೆ ಅದರಿಂದ ತೊಂದರೆ ಇಲ್ಲ, ಮನುಷ್ಯನ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಡಬ್ಬದ ಮೇಲೆ ಎಷ್ಟು ದೊಡ್ಡದಾಗಿ ಬರೆದರೂ ನಮ್ಮಲ್ಲಿ ಯಾರಾದರೊಬ್ಬರು ರುಚಿ ನೋಡದೆ ಬಿಡುವುದಿಲ್ಲ.

ಹಾಗಾದರೆ ಸ್ಪಿರಿಟ್ ಯಾರಿಗೂ ಬೇಡವಾ? ಹಾಗೂ ಅಲ್ಲ. ದಿನಕ್ಕೆ ಹತ್ತಾರು ಟನ್ ಒಂದೇ ಜಾತಿಯ ಕಸ ಬರುವ ದೊಡ್ಡ ಪಲ್ಪ್ ಫ್ಯಾಕ್ಟರಿ, ಮೊದಲೇ ಬಾಯ್ಲರ್ ಇದೆ, ಹತ್ತಿರದಲ್ಲೇ ಪರವಾನಗಿ ಇರುವ ಡಿಸ್ಟಿಲರಿ ಇದೆ ಅಂದರೆ ಮಾತಾಡಬಹುದು. ಆಗಲೂ ಹೊಸ ಡಿಸ್ಟಿಲರಿ ಕಟ್ಟುವ ಯೋಚನೆ ಬೇಡ. ಕಸ ಹಿಂಡಿ ರಸ ಮಾತ್ರ ಕಳಿಸಿ, ಹಿಪ್ಪೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಮೊದಲು ಒಂದು ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ, ಕೈಯಲ್ಲಿ ಹಿಡಿಯುವಂಥ ಪುಟ್ಟದು. ಒಂದು ವಾರ ದಿನಾ ರಸದ ಬ್ರಿಕ್ಸ್, ಅಂದರೆ 100ಕ್ಕೆ ಎಷ್ಟು ಸಿಹಿ ಅನ್ನುವ ಅಂಕಿ, ನೋಡಿ ಬರೆದಿಡಿ. ಕಬ್ಬಿನ ರಸ 18-20 ತೋರಿಸುತ್ತದೆ. ನಿಮ್ಮದು 8ರ ಕೆಳಗೆ ಬಂದರೆ ಡಿಸ್ಟಿಲರಿಗೆ ಫೋನ್ ಮಾಡುವುದೇ ಬೇಡ.

ಬಾಳೆಯವರಿಗೆ ಒಂದು ಮಾತು: ಕಾಯಿ ಬಾಳೆಯಲ್ಲಿ ಇರುವುದು ಸಕ್ಕರೆಯಲ್ಲ, ಪಿಷ್ಟ. ಯೀಸ್ಟ್ ಅದನ್ನು ಮುಟ್ಟುವುದಿಲ್ಲ. ಚೆನ್ನಾಗಿ ಹಣ್ಣಾಗಿ ಕಪ್ಪಾಗಲು ಬಿಟ್ಟರೆ ಅದೇ ಪಿಷ್ಟ ಸಕ್ಕರೆಯಾಗುತ್ತದೆ. ಮೂಸಂಬಿ, ಕಿತ್ತಳೆ, ನಿಂಬೆ ಸಿಪ್ಪೆಯನ್ನಂತೂ ಬೇರೆ ಇಡಿ. ಅದರಲ್ಲಿರುವ ಲಿಮೊನೀನ್ ಎಣ್ಣೆ ಯೀಸ್ಟನ್ನೂ ಕೊಲ್ಲುತ್ತದೆ, ಗ್ಯಾಸ್ ಮಾಡುವ ಸೂಕ್ಷ್ಮಜೀವಿಯನ್ನೂ ಬಿಡುವುದಿಲ್ಲ. ಜ್ಯೂಸ್ ಅಂಗಡಿಯವರು ತಪ್ಪುವುದು ಇಲ್ಲೇ, ಎಲ್ಲಾ ಒಂದೇ ಬಕೆಟ್ಟಿಗೆ ಹಾಕುತ್ತಾರೆ.

ಕೊನೆಗೆ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೆಂಪು ಕೊಳಕು ನೀರು. ಕಾಕಂಬಿ ಡಿಸ್ಟಿಲರಿಯಲ್ಲಿ ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 10-15 ಲೀಟರ್ ಇಂಥ ನೀರು ಬರುತ್ತದೆ. ಹಣ್ಣಿನದು ಇನ್ನೂ ನೀರು ನೀರು, ಹಾಗಾಗಿ ಇನ್ನೂ ಜಾಸ್ತಿ. ಅದನ್ನು ನಾಲೆಗೆ ಬಿಟ್ಟರೆ ಮೀನು ಸಾಯುತ್ತವೆ, ಪಕ್ಕದ ಗದ್ದೆಯವರು ಸುಮ್ನೆ ಇರುವುದಿಲ್ಲ, ಇರಲೂಬಾರದು.

ಗ್ಯಾಸ್, ದ್ರವ ಅಲ್ಲದಿದ್ದರೂ

ಕೇಳಿದ್ದು ಪೆಟ್ರೋಲು, ಇವನು ಗೋಬರ್ ಗ್ಯಾಸ್ ಅಂತಾನೆ ಅಂತ ಮುಖ ಸಿಂಡರಿಸಬೇಡಿ. ಅದೇ 100 ಕೆಜಿ ಕಸ ತಗೊಳ್ಳಿ. ಗ್ಯಾಸ್ ಡೈಜೆಸ್ಟರಿಗೆ, ಅಂದರೆ ಗಾಳಿಯಾಡದ ಮುಚ್ಚಿದ ತೊಟ್ಟಿಗೆ, ಹಾಕಿದರೆ ಚೆನ್ನಾಗಿ ನಡೆಯುವ ಕಡೆ ಸುಮಾರು 6 ಘನಮೀಟರ್ ಗ್ಯಾಸ್ ಬರುತ್ತದೆ, ಅಂದರೆ ಎರಡೂವರೆ ಕೆಜಿ ಎಲ್‌ಪಿಜಿಗೆ ಸಮ. ಶಕ್ತಿಯ ಲೆಕ್ಕದಲ್ಲಿ 120 ಮೆಗಾಜೂಲ್ ದಾಟುತ್ತದೆ. ಸ್ಪಿರಿಟ್ಟಿನ 105ಕ್ಕೆ ಇದನ್ನು ಹೋಲಿಸಿ. ಸ್ಪಿರಿಟ್ ಯೀಸ್ಟಿಗೆ ಸಕ್ಕರೆ ಮಾತ್ರ ಬೇಕು, ಗ್ಯಾಸಿನ ಸೂಕ್ಷ್ಮಜೀವಿಗಳು ಪಿಷ್ಟ, ಪೆಕ್ಟಿನ್, ಮೆತ್ತನೆ ನಾರು ಎಲ್ಲಾ ತಿನ್ನುತ್ತವೆ. ಅದಕ್ಕೇ ಜಾಸ್ತಿ. ಕಾಯಿಸುವುದಿಲ್ಲ, ಬಟ್ಟಿ ಇಳಿಸುವುದಿಲ್ಲ, ಅಬಕಾರಿಯವರು ಬರುವುದಿಲ್ಲ, ಉಳಿದ ಸ್ಲರಿ ತೋಟಕ್ಕೆ ಹೋಗುತ್ತದೆ. ಐದೂವರೆ ಕ್ವಿಂಟಾಲ್ ಕಸಕ್ಕೆ ಮನೆಯ 14.2 ಕೆಜಿ ಸಿಲಿಂಡರ್ ಒಂದು ಉಳಿಯಿತು ಅಂತ ಲೆಕ್ಕ ಇಟ್ಟುಕೊಳ್ಳಬಹುದು.

ತಕ್ಷಣ ಬರುವ ಪ್ರಶ್ನೆ: "ಇದನ್ನ ಸಿಲಿಂಡರಿಗೆ ತುಂಬಿಸಿ ದ್ರವ ಮಾಡಿಕೊಳ್ಳಬಹುದಾ?" ಆಗುವುದಿಲ್ಲ. ಎಲ್‌ಪಿಜಿ ಸ್ವಲ್ಪ ಒತ್ತಿದರೆ ದ್ರವವಾಗುತ್ತದೆ, ಅದು ಪ್ರೊಪೇನ್, ಬ್ಯೂಟೇನ್. ಗೋಬರ್ ಗ್ಯಾಸಿನಲ್ಲಿರುವುದು ಮೀಥೇನ್, ಅದು ದ್ರವವಾಗಬೇಕಾದರೆ ಮೈನಸ್ 162 ಡಿಗ್ರಿಗೆ ಇಳಿಸಬೇಕು. ಅಷ್ಟು ತಂಪು ಮಾಡುವ ಖರ್ಚು ಮನೆಯವರದ್ದಲ್ಲ. ಗಾಡಿಗೇ ಬೇಕೆಂದರೆ ಮೀಥೇನನ್ನು 90ಕ್ಕೂ ಮೇಲೆ ಶುದ್ಧ ಮಾಡಿ, ಒತ್ತಿ, ಸಿಎನ್‌ಜಿಯಂತೆ ತುಂಬಬೇಕು. ಇಂದೋರ್‌ನಲ್ಲಿ 2022ರಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿ ಕಸಕ್ಕೆ ಕಟ್ಟಿದ್ದು, ಅದರ ಗ್ಯಾಸಿನಿಂದ ಊರ ಬಸ್ಸು ಓಡುತ್ತವೆ. ಆ ಗಾತ್ರದಲ್ಲಿ ಸರಿ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ನಂಬರ್ ಒಂದು ಅನ್ನಿಸಿಕೊಂಡ ಮೈಸೂರಿನಲ್ಲಿ, ಬಂಡಿಪಾಳ್ಯದ ಮಂಡಿಯಿಂದ ಹಿಡಿದು ದೇವರಾಜ ಮಾರುಕಟ್ಟೆಯವರೆಗೆ ಹಣ್ಣಿನ ಕಸವನ್ನು ಬೇರೆಯಾಗಿ ಎತ್ತಿದರೆ ನಮಗೂ ಅಂಥದ್ದೊಂದು ಆಗಬಹುದು ಅಂತ ನನ್ನ ಆಸೆ. ಪ್ಲಾಸ್ಟಿಕ್ ಕವರ್ ಸಮೇತ ಎಸೆಯುವುದು ನಿಂತರೆ ಅನ್ನಿ.

ಗ್ಯಾಸಿನಲ್ಲೂ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಪಾಂಡವಪುರದ ಕಡೆ ನನ್ನ ಭಾವನ ಮನೆಯಲ್ಲಿ ಮಣ್ಣಿನೊಳಗೆ ಕಟ್ಟಿದ ಗುಮ್ಮಟದ ಗ್ಯಾಸ್ ಪ್ಲಾಂಟ್ ಇದೆ. ನಾಲ್ಕು ದನದ ಸಗಣಿಯಲ್ಲಿ ವರ್ಷಗಳಿಂದ ಚೆನ್ನಾಗಿ ಉರಿಯುತ್ತಿತ್ತು. ಎರಡು ವರ್ಷದ ಹಿಂದೆ ಮಾವಿನ ಕಾಲದಲ್ಲಿ ನಾನೇ ದೊಡ್ಡ ಬುದ್ಧಿವಂತನಂತೆ ಒಂದು ಪಲ್ಪ್ ಘಟಕದಿಂದ ದಿನಾ 60 ಕೆಜಿ ಮಾವಿನ ಕಸ ಕೊಡಿಸಿದೆ. ಎರಡು ದಿನ ಗ್ಯಾಸ್ ಉಕ್ಕಿ ಉಕ್ಕಿ ಬಂತು. ಭಾವ ಫೋನ್ ಮಾಡಿ ಹೊಗಳಿದ. ಐದನೇ ದಿನ ಒಲೆ ಹತ್ತಲಿಲ್ಲ. ಗ್ಯಾಸ್ ಬರುತ್ತಿದೆ, ಬೆಂಕಿ ಹಿಡಿಯುತ್ತಿಲ್ಲ, ಹತ್ತಿರ ಹೋದರೆ ಹುಳಿ ಹುಳಿ ವಾಸನೆ.

ಆಗಿದ್ದು ಇಷ್ಟು. ಡೈಜೆಸ್ಟರ್ ಒಳಗೆ ಎರಡು ಗುಂಪು ಸೂಕ್ಷ್ಮಜೀವಿಗಳು. ಒಂದು ಗುಂಪು ಸಕ್ಕರೆಯನ್ನು ಆಮ್ಲ ಮಾಡುತ್ತದೆ, ಅದು ಭಾರಿ ಚುರುಕು. ಇನ್ನೊಂದು ಆ ಆಮ್ಲವನ್ನು ಮೀಥೇನ್ ಮಾಡುತ್ತದೆ, ಅದು ನಿಧಾನ, ಜೊತೆಗೆ ಹುಳಿ ಸಹಿಸುವುದಿಲ್ಲ. ಸಿಹಿ ಹಣ್ಣು ಒಮ್ಮೆಲೇ ಸುರಿದರೆ ಮೊದಲನೆಯವರು ಹಬ್ಬ ಮಾಡುತ್ತಾರೆ, ಎರಡನೆಯವರು ಸಾಯುತ್ತಾರೆ. ಬರುವ ಗ್ಯಾಸ್ ಬರೀ ಕಾರ್ಬನ್ ಡೈಆಕ್ಸೈಡ್. ಕಸ ಹಾಕುವುದು ನಿಲ್ಲಿಸಿ, ಬರೀ ಸಗಣಿ ನೀರು, ಒಂದಿಷ್ಟು ಸುಣ್ಣ ಹಾಕುತ್ತಾ ಮೂರು ವಾರ ಕಾದೆವು. ಮೂರು ವಾರವೂ ಅಕ್ಕ ಸೌದೆ ಒಲೆಯಲ್ಲಿ ಅಡುಗೆ ಮಾಡಿದಳು, ನನ್ನ ಜೊತೆ ಮಾತಾಡಲಿಲ್ಲ.

ಈಗಿನ ಪದ್ಧತಿ ಹೀಗಿದೆ: ಹೊಸ ಪ್ಲಾಂಟಿಗೆ ಮೊದಲ ತಿಂಗಳು ಸಗಣಿ ಬಿಟ್ಟು ಬೇರೇನೂ ಹಾಕಬಾರದು. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಹಣ್ಣು ಏರಿಸುತ್ತಾ ಹೋಗಿ, ತೂಕದಲ್ಲಿ ಸಗಣಿ ಎಷ್ಟೋ ಹಣ್ಣು ಅಷ್ಟೇ, ಅದರ ಮೇಲೆ ಹೋಗಬಾರದು. ಕೊಚ್ಚಿ ಹಾಕಬೇಕು, ವಾಟೆ ತೆಗೆಯಬೇಕು. ಹುಳಿ ಎಷ್ಟಿದೆ ಅಂತ ತೋರಿಸುವ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಪಿಎಚ್ ಪಟ್ಟಿ ಔಷಧಿ ಅಂಗಡಿಯಲ್ಲೋ ಅಕ್ವೇರಿಯಂ ಅಂಗಡಿಯಲ್ಲೋ ಸಿಗುತ್ತದೆ, ವಾರಕ್ಕೊಮ್ಮೆ ಅದ್ದಿ ನೋಡಿ. 6.5ರ ಕೆಳಗೆ ಇಳಿದರೆ ಹಣ್ಣು ಬಂದ್. ಡಿಸೆಂಬರ್, ಜನವರಿ ಚಳಿಯಲ್ಲಿ ಗ್ಯಾಸ್ ಕಡಿಮೆಯಾಗುತ್ತದೆ, ಗಾಬರಿ ಬೇಡ.

ಸುಟ್ಟು ತೆಗೆಯುವ ಎಣ್ಣೆ

ಪೈರಾಲಿಸಿಸ್ ಅನ್ನುತ್ತಾರೆ. ಗಾಳಿ ತಾಗದಂತೆ 500 ಡಿಗ್ರಿ ಹತ್ತಿರ ಕಾಯಿಸಿದರೆ ಗಿಡದ ಕಸ ಆವಿಯಾಗಿ, ತಂಪಾದಾಗ ಕಪ್ಪು ಎಣ್ಣೆಯಾಗಿ ಬೀಳುತ್ತದೆ. ಕೇಳಲು ಮಜವಾಗಿದೆ. ಆದರೆ ಒಳಗೆ ಹೋಗುವ ಮಾಲಿನಲ್ಲಿ ತೇವ 100ಕ್ಕೆ 10ರ ಆಸುಪಾಸು ಇರಬೇಕು. ನಮ್ಮದು 85. ಆ ನೀರನ್ನು ಕುದಿಸಿ ಓಡಿಸಲು 100 ಕೆಜಿ ಕಸಕ್ಕೆ 220 ಮೆಗಾಜೂಲ್ ಬೇಕು, ಉಳಿಯುವ 15 ಕೆಜಿ ಒಣ ಮಾಲಿನ ಒಟ್ಟು ಶಕ್ತಿಯೇ 250 ಆಸುಪಾಸು. ಬಿಸಿಲಲ್ಲಿ ಒಣಗಿಸಬಹುದು ಅನ್ನುತ್ತೀರಾ? ಮಾವಿನ ಕೊನೆಗೆ ಮಳೆ ಹಿಡಿಯುತ್ತದೆ, ಆಗ ಒಣಗುವುದು ಹಾಗಿರಲಿ ಹುಳ ಹರಿಯುತ್ತವೆ. ಬರುವ ಎಣ್ಣೆಯೂ ಹುಳಿ, ಕಬ್ಬಿಣ ತಿನ್ನುತ್ತದೆ, ಅದರಲ್ಲೇ ನೀರಿರುತ್ತದೆ, ಡೀಸೆಲ್ ಜೊತೆ ಬೆರೆಯುವುದಿಲ್ಲ. ಮದ್ದೂರಿನ ಎಳನೀರು ಬುರುಡೆಯಂಥ, ಸಕ್ಕರೆ ಇಲ್ಲದ, ಬಿಸಿಲಿಗೆ ಒಣಗುವ ಮಾಲಾದರೆ ಈ ದಾರಿ ಯೋಚಿಸಬಹುದು. ಆಗಲೂ ಎಣ್ಣೆಗಿಂತ ಇದ್ದಿಲೇ ವಾಸಿ.

ನೀರಿನ ಸಮೇತ ಕುಕ್ಕರಿನಂತೆ ಒತ್ತಡದಲ್ಲಿ ಬೇಯಿಸಿ ಎಣ್ಣೆ ತೆಗೆಯುವ ಇನ್ನೊಂದು ದಾರಿ ಇದೆ, ಹೈಡ್ರೋಥರ್ಮಲ್ ಲಿಕ್ವಿಫ್ಯಾಕ್ಷನ್. ಒಣಗಿಸುವ ಗೋಜಿಲ್ಲ, ಆ ಮಟ್ಟಿಗೆ ಹಣ್ಣಿಗೆ ಹೊಂದುತ್ತದೆ. ಆದರೆ 250ರಿಂದ 370 ಡಿಗ್ರಿ, ವಾತಾವರಣದ ಒತ್ತಡದ ಹತ್ತಾರು ಪಟ್ಟಿನಿಂದ ಇನ್ನೂರು ಪಟ್ಟಿನವರೆಗೆ ಒತ್ತಡ. ನಾನು 10 ಬಾರ್ ಬಾಯ್ಲರ್ ಪಕ್ಕ ನಿಂತರೇ ಬೆವರುತ್ತೇನೆ. ಇದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡ್ ಮಾಡುವ ಸಾಮಾನಲ್ಲ.

ವಾಟ್ಸಾಪಿನಲ್ಲಿ ಬರುವ ಎರಡು

"ಹಣ್ಣಿನ ಸಕ್ಕರೆಯಿಂದ ಎಥನಾಲ್‌ಗಿಂತ ಒಳ್ಳೆಯ ಇಂಧನ" ಅಂತ ಒಂದು ಫಾರ್ವರ್ಡ್ ಆಗಾಗ ತಿರುಗುತ್ತದೆ. ಅದರ ಹಿಂದಿನ ಕೆಲಸ ನಿಜವಾದದ್ದೇ. 2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡ್ಯುಮೆಸಿಕ್ ತಂಡ ಫ್ರಕ್ಟೋಸ್‌ನಿಂದ ಡೈಮೀಥೈಲ್‌ಫ್ಯೂರಾನ್ ಅನ್ನುವ ದ್ರವ ಮಾಡಿ ತೋರಿಸಿತು. ಎಥನಾಲ್‌ಗಿಂತ ಅದರಲ್ಲಿ 100ಕ್ಕೆ ಸುಮಾರು 40 ಪಾಲು ಜಾಸ್ತಿ ಶಕ್ತಿ, ಜೊತೆಗೆ ನೀರಿನಲ್ಲಿ ಕರಗುವುದಿಲ್ಲ. ನಮ್ಮ ನೀರಿನ ತಲೆನೋವಿಗೆ ಇದೇ ಮದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಅವರು ಬಳಸಿದ್ದು ಶುದ್ಧ ಫ್ರಕ್ಟೋಸ್, ಆಮ್ಲ, ಹೈಡ್ರೋಜನ್, ತಾಮ್ರ-ರುಥೇನಿಯಂ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ಲೋಹ). ಫ್ರಕ್ಟೋಸಿಗೆ ಹಣ್ಣಿನ ಸಕ್ಕರೆ ಅಂತ ಹೆಸರು, ಅಷ್ಟೇ. ಕಾರ್ಖಾನೆಗಳಲ್ಲಿ ಅದನ್ನು ಮಾಡುವುದು ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ. ಕೊಳೆತ ಸಪೋಟವನ್ನು ಆ ಯಂತ್ರಕ್ಕೆ ಹಾಕಿದರೆ ಕ್ಯಾಟಲಿಸ್ಟ್ ಒಂದೇ ದಿನಕ್ಕೆ ಹಾಳು.

ಇನ್ನೊಂದು ಬ್ಯೂಟನಾಲ್. ಇದು ಹಳೆಯದು. ಮೊದಲ ಮಹಾಯುದ್ಧದ ಹೊತ್ತಿಗೆ ಚೈಮ್ ವೈಜ್ಮನ್ ಒಂದು ಬ್ಯಾಕ್ಟೀರಿಯಾ ಹಿಡಿದು ಪಿಷ್ಟದಿಂದ ಅಸಿಟೋನ್, ಬ್ಯೂಟನಾಲ್ ಮಾಡಿಸಿದ. ಸಿಡಿಮದ್ದಿಗೆ ಅಸಿಟೋನ್ ಬೇಕಿತ್ತು, ಧಾನ್ಯ ಸಾಲದೆ 1917ರಲ್ಲಿ ಇಂಗ್ಲೆಂಡಿನ ಶಾಲಾ ಮಕ್ಕಳ ಕೈಯಲ್ಲಿ ಕಾಡು ಕಾಯಿ ಆಯಿಸಿದರು. ಆಮೇಲೆ ಅವನು ಇಸ್ರೇಲಿನ ಮೊದಲ ರಾಷ್ಟ್ರಪತಿಯೂ ಆದ. ಬ್ಯೂಟನಾಲ್ ಶಕ್ತಿಯಲ್ಲಿ ಪೆಟ್ರೋಲಿಗೆ ಹತ್ತಿರ, ಒಳ್ಳೆಯ ಇಂಧನವೇ. ಕಷ್ಟ ಏನೆಂದರೆ 100ಕ್ಕೆ ಒಂದೆರಡು ಪಾಲು ಆಗುತ್ತಿದ್ದಂತೆ ಅದನ್ನು ಮಾಡಿದ ಬ್ಯಾಕ್ಟೀರಿಯಾವೇ ಸಾಯುತ್ತದೆ. 100 ಲೀಟರ್ ನೀರಿನಿಂದ ಒಂದೆರಡು ಲೀಟರ್ ಬೇರೆ ಮಾಡಬೇಕು. ಮತ್ತೆ ಅದೇ ನೀರು. ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಈ ಎರಡೂ ಚೆನ್ನಾಗಿವೆ, ಮಾಡಿ, ನನ್ನನ್ನೂ ಕರೆಯಿರಿ. ದುಡ್ಡು ಹಾಕುವವರು ಸುಮ್ನೆ ಇರಿ.

ಬಯೋಡೀಸೆಲ್ ಬಗ್ಗೆಯೂ ಕೇಳುತ್ತಾರೆ. ಅದಕ್ಕೆ ಎಣ್ಣೆ, ಕೊಬ್ಬು ಬೇಕು, ಸಕ್ಕರೆಯಲ್ಲ. ಮಾವಿನ ವಾಟೆಯೊಳಗಿನ ಬೀಜದಲ್ಲಿ ಸ್ವಲ್ಪ ಕೊಬ್ಬಿದೆ, ಆದರೆ ಅದು ಸೋಪು, ಕ್ರೀಮಿನವರಿಗೆ ಕೊಟ್ಟರೇ ಲಾಭ. ಡೀಸೆಲ್ಲೇ ಬೇಕೆಂದರೆ ಹೊಂಗೆ ನೋಡಿ, ಅದು ಬೇರೆ ಕಥೆ.

ಯಾರಿಗೆ ಯಾವುದು

ಇಂಧನಕ್ಕೆ ಮೊದಲು ಇನ್ನೇನಾದರೂ ಆಗುತ್ತದಾ ನೋಡಿ. ತಾಜಾ ಸಿಪ್ಪೆ ದನಕ್ಕೆ ಹೋಗಲಿ, ಆದರೆ ಬುಟ್ಟಿಗಟ್ಟಲೆ ಮಾಗಿದ ಹಣ್ಣು ಒಮ್ಮೆಲೇ ಕೊಟ್ಟರೆ ಹೊಟ್ಟೆ ಹುಳಿಯಾಗಿ ಹಸು ಸತ್ತೇ ಹೋಗಬಹುದು, ಡೈಜೆಸ್ಟರಿನ ಕಥೆಯೇ ಅಲ್ಲೂ. ನಿಂಬೆ, ಮೂಸಂಬಿ ಸಿಪ್ಪೆ ಇರುವವರು ಪೆಕ್ಟಿನ್, ಸಿಪ್ಪೆ ಎಣ್ಣೆ ಬಗ್ಗೆ ವಿಚಾರಿಸಿ. ಮೈಸೂರಿನಲ್ಲೇ 1950ರಿಂದ ಸಿಎಫ್‌ಟಿಆರ್‌ಐ ಅನ್ನುವ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಇದೆ, ಚೆಲುವಾಂಬ ಮ್ಯಾನ್ಷನ್‌ನಲ್ಲಿ. ಹಣ್ಣಿನ ಸಂಸ್ಕರಣೆ ಅವರ ಕೆಲಸವೇ. ನಮ್ಮವರು ಆ ಗೇಟಿನ ಮುಂದೆ ದಿನಾ ಹೋಗುತ್ತಾರೆ, ಒಳಗೆ ಹೋಗಿ ಕೇಳುವುದಿಲ್ಲ.

ಅದಾದ ಮೇಲೂ ಉಳಿಯುವುದಕ್ಕೆ ನನ್ನ ಸಲಹೆ ಇದು. ಮನೆ, ಅಪಾರ್ಟ್‌ಮೆಂಟ್: ದಿನಕ್ಕೆ ಒಂದೆರಡು ಕೆಜಿಗೆ ಗ್ಯಾಸೂ ಬೇಡ, ಗೊಬ್ಬರದ ಡಬ್ಬ ಸಾಕು. ದನ ಇರುವ ತೋಟದ ಮನೆ: ಕಣ್ಣು ಮುಚ್ಚಿಕೊಂಡು ಗ್ಯಾಸ್. ದಿನಕ್ಕೆ 50-100 ಕೆಜಿ ಕಸ ಬರುವ ಜ್ಯೂಸ್ ಅಂಗಡಿ, ಹೋಟೆಲ್, ಛತ್ರ: ಜಾಗ ಇದ್ದರೆ ಗ್ಯಾಸ್, ಆದರೆ ಸಗಣಿ ತರುವ ದಾರಿ ಮೊದಲು ನೋಡಿಕೊಳ್ಳಿ, ಹುಳಿ ಸಿಪ್ಪೆ ಬೇರೆ ಬಕೆಟ್. ಮಾವಿನ ಮೂರು ತಿಂಗಳು ಮಾತ್ರ ಕಸ ಬರುವ ಪಲ್ಪ್ ಘಟಕಕ್ಕೆ ಉತ್ತರ ಕಷ್ಟ, ಯಾಕೆಂದರೆ ಮೂರು ತಿಂಗಳಿಗಾಗಿ ಕಟ್ಟಿದ ಯಾವ ಪ್ಲಾಂಟೂ ಉಳಿದ ಒಂಬತ್ತು ತಿಂಗಳು ಸಾಲಗಾರನ ಹಾಗೆ ಮುಖ ನೋಡುತ್ತಾ ಕೂರುತ್ತದೆ. ಅಂಥವರು ಸುತ್ತಲಿನ ಹತ್ತು ಗ್ಯಾಸ್ ಪ್ಲಾಂಟಿನವರಿಗೆ ಹಂಚುವುದು ಅಗ್ಗ. ವರ್ಷಪೂರ್ತಿ ದಿನಕ್ಕೆ ಹತ್ತು ಟನ್ ಮೇಲೆ ಇದ್ದವರು ಮಾತ್ರ ಸ್ಪಿರಿಟ್ ಮತ್ತು ಶುದ್ಧ ಮಾಡಿದ ಗ್ಯಾಸ್ ಎರಡಕ್ಕೂ ಯೋಜನಾ ವರದಿ ಮಾಡಿಸಿ, ಎದುರು ಬದುರು ಇಟ್ಟು ನೋಡಬೇಕು. ವರದಿ ಮಾಡುವವನೇ ಯಂತ್ರ ಮಾರುವವನೂ ಆಗಿದ್ದರೆ ಇನ್ನೊಬ್ಬರ ಕೈಯಲ್ಲಿ ಲೆಕ್ಕ ತೋರಿಸಿ.

ಭಾವನಿಗೂ ಮೊದಲು ಬೈಕಿಗೆ ಹಾಕುವ ಸ್ಪಿರಿಟ್ಟಿನದ್ದೇ ಹುಚ್ಚು ಇತ್ತು. ಮೊನ್ನೆ ಫೋನ್ ಮಾಡಿದ್ದ, ಅದರ ಸುದ್ದಿಯೇ ಎತ್ತಲಿಲ್ಲ. ಇನ್ನೊಂದು ಎಮ್ಮೆ ಕಟ್ಟಿದರೆ ಈ ಸಲ ಮಾವಿನ ಕಾಲದಲ್ಲಿ ಎಷ್ಟು ಕಸ ಜಾಸ್ತಿ ಹಾಕಬಹುದು ಅಂತ ಕೇಳಿದ. ಎಮ್ಮೆ ದಿನಕ್ಕೆ 15 ಕೆಜಿ ಸಗಣಿ ಹಾಕಿದರೆ 15 ಕೆಜಿ ಸಿಪ್ಪೆ, ಒಂದು ಬುಟ್ಟಿ, ಅಂದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು, "ಅರ್ಧ ಬುಟ್ಟಿ ಸಾಕು ಅಂತ ಹೇಳು ಅವನಿಗೆ."